ಆವಿಯಾಗಿ ಹೋದ ಎಂಟನೇ ತರಗತಿ

ಗಂಗುಲಪ್ಪ ಮೇಷ್ಟ್ರ ಹೆಸರೆತ್ತಿದರೆ ನನಗೆ ಮೊದಲು ಬರುವುದು ಸಿಟ್ಟು, ನಗು ಆಮೇಲೆ. ನಾನು ಶ್ಯಾಮಲಮ್ಮ, ಗಣಿತದವಳು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿದ್ದ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾವಿಬ್ಬರೂ ಪಕ್ಕಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದೆವು. ನನ್ನ ಕೋಣೆಯಲ್ಲಿ ಲೆಕ್ಕ, ಅವರ ಕೋಣೆಯಲ್ಲಿ ಜಾತ್ರೆ.

ವಿಜ್ಞಾನಕ್ಕೆಂದು ನಮ್ಮಲ್ಲಿದ್ದದ್ದು ಒಂದು ಮರದ ಬೀರು. ಅದರೊಳಗೆ ಒಡೆದ ಥರ್ಮಾಮೀಟರು, ಜೊತೆಗೊಂದು ಹಲ್ಲಿ. ಹಲ್ಲಿ ಇಲಾಖೆ ಕೊಟ್ಟದ್ದಲ್ಲ, ತಾನಾಗಿ ಬಂದು ಸೇರಿಕೊಂಡದ್ದು. ಹಾಗಾಗಿ ಮೇಷ್ಟ್ರು ಎಲ್ಲವನ್ನೂ ಮನುಷ್ಯರಿಂದಲೇ ಮಾಡಿಸುತ್ತಿದ್ದರು. ವಿದ್ಯುತ್ತಿನ ಪಾಠದ ದಿನ ಮಕ್ಕಳು ಕೈ ಕೈ ಹಿಡಿದು ತಂತಿಯಾದರು, ಹೆಡ್‌ಮಾಸ್ಟರು ಬಲ್ಬಾದರು. ಒಬ್ಬರು ಪಕ್ಕದವರ ಕೈ ಅದುಮುತ್ತಾ ಹೋಗಿ, ಅದು ತಮ್ಮವರೆಗೆ ಬಂದಾಗ ಅವರು ಹಲ್ಲು ಬಿಡಬೇಕು, ಅಷ್ಟೇ ಕೆಲಸ. ಸೌರವ್ಯೂಹದ ದಿನವಂತೂ ನಲ್ಲಪ್ಪ ಎಂಬ ಹುಡುಗನನ್ನು ಪ್ಲೂಟೋ ಮಾಡಿ ಹಿಪ್ಪುನೇರಳೆ ತೋಟದಾಚೆ ನಿಲ್ಲಿಸಿ, ಬೆಲ್ ಹೊಡೆದ ಮೇಲೆ ಮರೆತೇಬಿಟ್ಟರು. ಸಂಜೆ ಅವನಮ್ಮ ಬಂದು, “ಗ್ರಹ ಆದ್ರೆ ಊಟ ಬೇಡ್ವಾ ಮೇಷ್ಟ್ರೇ?” ಎಂದು ಗದರಿದಳು.

ಆದರೆ ಮೇಷ್ಟ್ರ ಕೆಲಸ ಮಾತ್ರ ಹಂಗಾಮಿ. ಎಂಬತ್ತೇಳನೇ ಇಸವಿಯಲ್ಲಿ ಇನ್‌ಸ್ಪೆಕ್ಟರ್ ಬಂದು ಪಾಠ ನೋಡುತ್ತಾರೆ, ಒಪ್ಪಿದರೆ ಹುದ್ದೆ ಕಾಯಂ, ಇಲ್ಲದಿದ್ದರೆ ರದ್ದು ಎಂದು ತಿಳಿಯಿತು. ರದ್ದಾದರೆ ಅವರು ಶಿಡ್ಲಘಟ್ಟದಲ್ಲಿ ಭಾವನ ರೇಷ್ಮೆ ನೂಲು ತೆಗೆಯುವ ಫಿಲೇಚರಿಗೆ ಸೇರಿ, ಕುದಿಯುವ ನೀರಿಗೆ ರೇಷ್ಮೆಗೂಡು ಹಾಕುತ್ತಾ ನಿಲ್ಲಬೇಕಿತ್ತು.

“ಅನ್ನಕ್ಕೇನೂ ತೊಂದ್ರೆ ಇಲ್ಲ ಮೇಡಂ. ಆದ್ರೆ ಅಲ್ಲಿ ಪಾಠ ಯಾರಿಗ್ ಮಾಡ್ಲಿ? ಗೂಡಿಗಾ?” ಎಂದರು. ಕಣ್ಣು ತುಂಬಿತ್ತು.

ಇನ್‌ಸ್ಪೆಕ್ಟರ್ ಬರುವ ದಿನದ ಪಾಠ ಘನ, ದ್ರವ, ಅನಿಲ. ಅವತ್ತು ಬೆಳಗ್ಗೆ ಅವರು ಬರುವ ಮೊದಲು ಒಂದು ಸಲ ಮಾಡಿ ನೋಡಣ ಎಂದು ಮೇಷ್ಟ್ರು ಎಂಟನೇ ತರಗತಿಯವರನ್ನೆಲ್ಲ ಅಣುಗಳನ್ನಾಗಿ ಮಾಡಿದರು. ಮೊದಲು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಲ್ಲೇ ನಡುಗಿದರು, ಅದು ಘನ. ಆಮೇಲೆ ಕೈ ಬಿಟ್ಟು ಒಬ್ಬರ ಪಕ್ಕ ಒಬ್ಬರು ಜಾರಾಡಿದರು, ಅದು ದ್ರವ. ನಂತರ ಮೇಷ್ಟ್ರು ಬೀಸಣಿಗೆ ಹಿಡಿದು ಬೆಂಕಿಯಾದರು.

“ಕಾಯ್ತಾ ಇದೀರಾ! ಕುದೀತಾ ಇದೀರಾ! ಆವಿ! ಗೋಡೆ ತಗಲೋವರೆಗೂ ನಿಲ್ಲಬಾರ್ದು! ತಗುಲಿದ್ರೆ ವಾಪಸ್ ಬರ್ಬೇಕು!”

ಮಕ್ಕಳು ಬಾಗಿಲಿನಿಂದ ಒಬ್ಬರ ಮೇಲೊಬ್ಬರು ನುಗ್ಗಿ ಹೊರಬಿದ್ದರು. ಅನಿಲ ಪಾತ್ರೆ ಸಿಕ್ಕುವವರೆಗೂ ಹರಡುತ್ತಲೇ ಹೋಗುತ್ತದೆ ಎಂಬುದು ಪಾಠ. ನಮ್ಮ ಸ್ಕೂಲಿಗೆ ಕಾಂಪೌಂಡೇ ಇಲ್ಲ ಎಂಬುದು ಈ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ನಾನು ಹೊರಗೆ ಬಂದು ನೋಡುವಷ್ಟರಲ್ಲಿ ತರಗತಿಗೆ ತರಗತಿಯೇ ಊರೊಳಗೆ ಮಾಯವಾಗಿತ್ತು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಚೆನ್ನರಾಯಪ್ಪನವರು ಬೆರಳ ತುದಿಯಲ್ಲಿ ನಶ್ಯ ಹಿಡಿದು ಒಳಗೆ ಬಂದರು. ಖಾಲಿ ಬೆಂಚುಗಳನ್ನು ನೋಡಿದರು.

“ಮಕ್ಕಳೆಲ್ಲಿ?”

“ಅನಿಲ ಆಗಿದಾರೆ ಸಾರ್,” ಎಂದರು ಗಂಗುಲಪ್ಪ.

“ಮತ್ತೆ ಯಾವಾಗ ಮಕ್ಕಳಾಗ್ತಾರೆ?”

“ತಣ್ಣಗಾದ್ಮೇಲೆ ಸಾರ್.”

“ಒಂದ್ ಗಂಟೆ ಕೊಡ್ತೀನಿ. ತಣ್ಣಗ್ ಮಾಡ್ಕಂಡ್ ಬನ್ನಿ. ಇಲ್ಲಾಂದ್ರೆ ಈ ಸ್ಕೂಲಿಗೆ ವಿಜ್ಞಾನದ ಮೇಷ್ಟ್ರು ಯಾಕೆ?”

ನಾನೂ ಮೇಷ್ಟ್ರೂ ಊರೊಳಗೆ ಓಡಿದೆವು. ಎಲ್ಲಿ ನೋಡಿದರೂ ಗಡಿಬಿಡಿ. ಊರಿನ ರೇಷ್ಮೆಹುಳ ಅವತ್ತೇ ಹಣ್ಣಾಗಿತ್ತು. ಹಣ್ಣಾದ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು ನೂಲು ಬಿಡಲು ಶುರುಮಾಡುತ್ತದೆ. ಆಗ ಅದನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದು ಬಿದಿರು ದಬ್ಬೆ ಹೆಣೆದ ದೊಡ್ಡ ತಟ್ಟಿಗೆ, ಬಿಡಬೇಕು. ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಅಂಥ ಹೊತ್ತಿನಲ್ಲಿ ಬೀದಿಯಲ್ಲಿ ಹಾರಿ ಬಂದ ಅಣುಗಳನ್ನು ತಾಯಂದಿರು ಸುಮ್ಮನೆ ಬಿಡುತ್ತಾರೆಯೇ? ರಟ್ಟೆ ಹಿಡಿದು ಒಳಗೆ ಎಳೆದುಕೊಂಡಿದ್ದರು.

ಅಕ್ಕಯಮ್ಮ ಊರಿನ ಹೆಂಗಸರಿಗೆಲ್ಲ ಹಿರಿಯಳು. ಅವಳ ಜಗಲಿಯ ಮುಂದೆ ಮೇಷ್ಟ್ರು ಕೈ ಮುಗಿದರು.

“ಅರ್ಧ ಗಂಟೆ ಮಕ್ಕಳನ್ನ ಕೊಡಮ್ಮ. ಇಲ್ಲಾಂದ್ರೆ ನನ್ ಕೆಲ್ಸ ಹೋಗುತ್ತೆ.”

“ಅಯ್ಯೋ ದೇವುಡಾ! ಹುಳ ಕಾಯಲ್ಲ ಮೇಷ್ಟ್ರೇ. ಸೊಪ್ಪಲ್ಲೇ ಗೂಡು ಕಟ್ಬಿಟ್ರೆ ಬೆಳೆ ಮಣ್ಣುಪಾಲು.” ಅಕ್ಕಯಮ್ಮ ಮೇಷ್ಟ್ರ ಮುಖ ನೋಡಿದಳು. ಆಮೇಲೆ ಬೀದಿಗೆ ಕೇಳುವಂತೆ ಕೂಗಿದಳು: “ಏಯ್, ಹುಳದ ತಟ್ಟೆ ಎತ್ಕಳ್ರೇ! ಎಲ್ರೂ ಇಸ್ಕೂಲಿಗೆ ಹೋಗಣ!”

ಹಾಗೆ ಎಂಟನೇ ತರಗತಿ ವಾಪಸ್ ಬಂತು. ಮಕ್ಕಳ ಹಿಂದೆ ತಾಯಂದಿರು, ತಾಯಂದಿರ ತಲೆ ಮೇಲೆ ಹುಳದ ತಟ್ಟೆ, ಗಂಡಸರ ಹೆಗಲ ಮೇಲೆ ಚಂದ್ರಿಕೆ. ಒಂದೊಂದು ಮನೆಗೆ ಒಂದೊಂದು ಬೆಂಚು. ಕರಿಹಲಗೆಗೂ ಚಂದ್ರಿಕೆ ಒರಗಿಸಿದರು. ಹೆಡ್‌ಮಾಸ್ಟರು ಏನೋ ಹೇಳಲು ಬಾಯಿ ತೆರೆದರು, ಯಾರೋ ಅವರ ಕೈಗೂ ಒಂದು ತಟ್ಟೆ ಕೊಟ್ಟರು.

ಹೆಡ್‌ಮಾಸ್ಟರ ಕೋಣೆಯಲ್ಲಿ ಕಾಯುತ್ತಿದ್ದ ಇನ್‌ಸ್ಪೆಕ್ಟರು ಬಂದು ತರಗತಿಯೊಳಗೆ ಕಾಲಿಡಬೇಕು ಎನ್ನುವಷ್ಟರಲ್ಲಿ ಅಕ್ಕಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಹುಳದ ಮನೆಗೆ ಹೊಸಬ್ರು ಬರಂಗಿಲ್ಲ ಸ್ವಾಮಿ.”

“ಇದು ಸ್ಕೂಲು ಕಣಮ್ಮ!”

“ಬೆಳಗ್ಗೆ ಇಸ್ಕೂಲು. ಈಗ ಹುಳದ ಮನೆ. ಅದ್ರಲ್ಲೂ ನೀವು ನಶ್ಯದೋರು. ಹೊಗೆಸೊಪ್ಪು ಸೋಕಿದ್ರೆ ಹುಳ ಸಾಯ್ತವೆ.”

ಸರ್ಕಾರದ ಇನ್‌ಸ್ಪೆಕ್ಟರು ಕಿಟಕಿಯ ಹೊರಗೆ ನಿಂತರು. ನಾನು ಒಂದು ಸ್ಟೂಲು ತಂದುಕೊಟ್ಟೆ. ಅದರ ಮೇಲೆ ಹತ್ತಿ ಸರಳು ಹಿಡಿದು, ಅಲ್ಲಿಂದಲೇ ಪರೀಕ್ಷೆ ಶುರು ಮಾಡಿದರು.

“ನೀರು ಆವಿ ಆದಾಗ ಅಣು ದೊಡ್ಡದಾಗುತ್ತಾ?”

ಅಕ್ಕಯಮ್ಮನ ಮಗಳು ಆಂಜಿನಮ್ಮ ಹುಳ ಆರಿಸುತ್ತಲೇ ಹೇಳಿದಳು, “ಇಲ್ಲ ಸಾರ್. ಊರಾಚೆ ಓಡಿದ್ರೂ ನಾನು ಇಷ್ಟೇ ಇದ್ದೆ. ನಮ್ಮ ಮಧ್ಯದ ಜಾಗ ದೊಡ್ಡದಾಯ್ತು.”

“ಒತ್ತಡ ಅಂದ್ರೆ?”

“ಅಣು ಓಡೋಡಿ ಪಾತ್ರೆಗೆ ಡಿಕ್ಕಿ ಹೊಡೆಯೋದು ಸಾರ್,” ಎಂದ ನಲ್ಲಪ್ಪ. “ನಾನು ನಮ್ಮಮ್ಮಂಗೆ ಹೊಡೆದೆ. ತಿರುಗಾ ಹೊಡೆದ್ಲು.”

ಇನ್‌ಸ್ಪೆಕ್ಟರ್ ನಗಲಿಲ್ಲ. “ಮಕ್ಕಳಿಗೆ ಗೊತ್ತಿದೆ, ಸರಿ. ಆದ್ರೆ ಗಂಗುಲಪ್ಪನೋರೇ, ಪ್ರಯೋಗದ ಸಾಮಾನೇ ಇಲ್ಲದ ಕಡೆ ಕಾಯಂ ಹುದ್ದೆಗೆ ಹೆಂಗ್ರೀ ಬರೀಲಿ?”

ಮೇಷ್ಟ್ರು ತಲೆ ತಗ್ಗಿಸಿದರು. “ಇಲ್ಲ ಸಾರ್, ಏನೂ ಇಲ್ಲ.”

“ಏನೂ ಇಲ್ಲ ಅಂದ್ರೇನು?” ಅಕ್ಕಯಮ್ಮ ರೇಗಿದಳು. “ನನ್ ಮಗಳನ್ನ ಆವಿ ಮಾಡಿದ್ರಿ, ಆ ಹುಡುಗನ್ನ ಗ್ರಹ ಮಾಡಿದ್ರಿ, ನಾವು ಕೇಳಿದ್ವಾ? ಇನ್ನೂ ಬೇಕಾದ್ರೆ ನಾವೂ ಬರ್ತೀವಿ. ನಮ್ಮನ್ನೂ ಕುದಿಸ್ಕಳಿ. ಸ್ವಾಮಿ, ಇವರನ್ನ ಮಾತ್ರ ಕಳಿಸಂಗಿಲ್ಲ.”

ನಾನು ಅಷ್ಟು ಸುಲಭಕ್ಕೆ ಅಳುವವಳಲ್ಲ. ಅವತ್ತು ಸೆರಗು ಒದ್ದೆಯಾಯಿತು.

ಇನ್‌ಸ್ಪೆಕ್ಟರು ವರದಿಯ ಕಾಗದ ಬಿಚ್ಚಿದರು. ಜೇಬಿನಿಂದ ಪೆನ್ನು ತೆಗೆದು ಏನೋ ಬರೆದರು. ಮೇಷ್ಟ್ರ ಸಹಿಗೆಂದು ಕಾಗದವನ್ನು ಸರಳಿನ ಸಂದಿನಿಂದ ಒಳಗೆ ಚಾಚಿದರು.

“ಕೈ!” ಎಂದು ಕಿರುಚಿದಳು ಅಕ್ಕಯಮ್ಮ. “ನಶ್ಯದ ಕೈ! ತೊಳ್ಕಂಡ್ ಬನ್ನಿ!”

ಚೆನ್ನರಾಯಪ್ಪನವರು ಸ್ಟೂಲಿನಿಂದ ಇಳಿದರು. ನಾನು ಅಂಗಳದ ಬೋರಿಂಗ್ ಪಂಪು ಹೊಡೆದೆ. ಅವರು ತೋಳು ಮಡಿಸಿ ಮೊಣಕೈವರೆಗೂ ತೊಳೆದುಕೊಂಡರು, ಮೂಗನ್ನೂ ತೊಳೆದರು. ಮತ್ತೆ ಸ್ಟೂಲು ಹತ್ತಿ, ನೀರು ತೊಟ್ಟಿಕ್ಕುವ ಕೈಯನ್ನು ಒಳಗೆ ಚಾಚಿ ಗಂಗುಲಪ್ಪನವರ ಕೈ ಹಿಡಿದರು.

“ಇಲ್ಲೇ ಇರ್ರೀ ಮೇಷ್ಟ್ರೇ,” ಎಂದರು.