ಬಾರ್ ಬಿಡದ ಹಾಲೇಶ

ಕಳೆದ ವರ್ಷ ಮೆಕ್ಕೆಜೋಳದ ಕಟಾವಿನ ಹೊತ್ತಿಗೆ ನಾನು ಶಿಕಾರಿಪುರದ ಒಂದು ಜಿಮ್‌ನಲ್ಲಿ ತರಬೇತುದಾರನಾಗಿದ್ದೆ. ದೈಹಿಕ ಶಿಕ್ಷಣದ ಬಿ.ಪಿ.ಎಡ್. ಮುಗಿಸಿ ನಾಲ್ಕು ವರ್ಷವಾಗಿತ್ತು. ಸೊರಬದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಈಸೂರಿನ ಹಾಲೇಶ ಜಿಮ್ ಸೇರಿ ಐದು ತಿಂಗಳಾಗಿತ್ತು. ಫಾರಂನಲ್ಲಿ ಉದ್ಯೋಗ ‘ಕೃಷಿ’ ಎಂದು ಬರೆದಿದ್ದ. ಇಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ. ನಾನು ಮುಂದೆ ಕೇಳಲಿಲ್ಲ.

ಎರಡು ತಿಂಗಳಲ್ಲಿ ಜಿಲ್ಲಾ ಮಟ್ಟದ ಪವರ್‌ಲಿಫ್ಟಿಂಗ್ ಸ್ಪರ್ಧೆಯಿತ್ತು. ಅದರಲ್ಲಿ ನಿಲ್ಲಬೇಕೆಂಬುದು ಅವನ ಆಸೆ. ಆದರೆ ಬಾರನ್ನು, ಅಂದರೆ ಎರಡು ತುದಿಗೂ ಭಾರ ಹಾಕಿದ ಕಬ್ಬಿಣದ ಸರಳನ್ನು, ಹೆಗಲ ಮೇಲಿಟ್ಟು ಕುಳಿತು ಏಳುವ ಸ್ಕ್ವಾಟ್ ತೊಂಬತ್ತು ಕಿಲೋದಲ್ಲಿ ನಿಂತುಬಿಟ್ಟಿತ್ತು. ಹೊಸದಾಗಿ ಸೇರಿದವರು ಜಿಮ್ಮಿಗೆ ಬಂದ ಪ್ರತಿ ಸಲವೂ ಎರಡೂವರೆ ಕಿಲೋ ಏರಿಸಬಹುದು. ಆ ಹಂತ ಮುಗಿದ ಮೇಲೆ ಏರಿಕೆ ವಾರಕ್ಕೊಮ್ಮೆ; ಅದೇ ಇಂಟರ್‌ಮೀಡಿಯೆಟ್ ಪ್ರೋಗ್ರಾಂ. ಸೋಮವಾರ ಹೆಚ್ಚು ಸೆಟ್ ಅಂದರೆ ಹೆಚ್ಚು ಸುತ್ತು, ಬುಧವಾರ ಹಗುರ, ಶುಕ್ರವಾರ ಹೊಸ ಭಾರ, ನಡುವಿನ ದಿನ ವಿಶ್ರಾಂತಿ ಎಂದು ಬರೆದುಕೊಟ್ಟೆ.

ಹೊಂದಲೇ ಇಲ್ಲ. ಸೋಮವಾರ ಸಲೀಸಾಗಿ ಎದ್ದವನು ಶುಕ್ರವಾರ ಹೊಸ ಭಾರವಿರಲಿ, ಸೋಮವಾರದ ಭಾರಕ್ಕೇ ನಡುಗುತ್ತಿದ್ದ. ಸೆಟ್ ಇಳಿಸಿದೆ; ಇನ್ನೂ ಹದಗೆಟ್ಟಿತು. ನಾಲ್ಕು ದಿನದ ಬೇರೊಂದು ಪ್ರೋಗ್ರಾಂ ತಂದೆ, ಅದನ್ನೂ ಬಿಟ್ಟು ಮೊದಲಿನದಕ್ಕೇ ಮರಳಿದೆ. ಓದಿದ್ದು ತಪ್ಪೋ ನಾನೇ ತಪ್ಪೋ ತಿಳಿಯಲಿಲ್ಲ.

“ನಡುವಿನ ದಿನ ರೆಸ್ಟ್ ತಗೊಳ್ತಿದೀಯ ತಾನೆ?”

“ಪೂರಾ ರೆಸ್ಟ್ ರೀ ಸರ್.”

ಆ ಶುಕ್ರವಾರ ಬೆಳಿಗ್ಗೆ ತೊಂಬತ್ತೆರಡೂವರೆ ಕಿಲೋ. ನಾನು ಅವನ ಹಿಂದೆ ನಿಂತಿದ್ದೆ. ಏಳಲಾಗದಿದ್ದರೆ ಬಾರನ್ನು ಹಿಂದಕ್ಕೆ, ರಬ್ಬರ್ ಹಾಸಿನ ಮೇಲೆ ಬಿಟ್ಟುಬಿಡಬೇಕು ಎಂದು ಮೊದಲ ದಿನವೇ ಹೇಳಿದ್ದೆ. ಮಾಡಿಸಿ ನೋಡಿರಲಿಲ್ಲ. ಮೂರನೆಯ ಸಲ ಅರ್ಧ ಎದ್ದವನು ಅಲ್ಲೇ ಸಿಕ್ಕಿಕೊಂಡ.

“ಬಿಡು ಮಾರಾಯ, ಹಿಂದಕ್ಕೆ ಬಿಡು!” ಎಂದು ಕೂಗಿ, ಬಾರ್ ಬೀಳುತ್ತದೆಂದು ಪಕ್ಕಕ್ಕೆ ಸರಿದೆ.

ಬಿಡಲಿಲ್ಲ. ಬೆನ್ನು ಬಾಗಿಸಿದ. ಬಾರ್ ಕುತ್ತಿಗೆಗೆ ಉರುಳಿತು. ಅದನ್ನು ಅವುಚಿಕೊಂಡು ಒಂದು ಹೆಜ್ಜೆ ಮುಂದಿಟ್ಟ, ಇನ್ನೊಂದು ಇಟ್ಟ. ನಾನು ಬರಿಗೈಯಲ್ಲಿ ನಿಂತಿದ್ದೆ.

“ಎಲ್ಲಿಗ್ ಹೊಂಟೀಯಲೇ ಹಾಲೇಶ? ಲಾರಿ ಹೊರಗೈತೋ!” ಎಂದು ಪಕ್ಕದಲ್ಲಿ ವ್ಯಾಯಾಮ ಮಾಡುತ್ತಿದ್ದ, ಅವನೂರಿನವನೇ ಆದ ಶಿವಕುಮಾರ ನಕ್ಕ. ಮರುಕ್ಷಣ ಹಾಲೇಶನ ಮುಖ ನೋಡಿ ಓಡಿಬಂದ. ಅವನೊಂದು ತುದಿ, ನಾನೊಂದು ತುದಿ ಹಿಡಿದು ಇಳಿಸಿದೆವು.

“ಬಿಡು ಅಂದ್ನಲ್ಲೋ!” ಎಂದೆ ಹಾಲೇಶನಿಗೆ.

“ಬೆನ್ನಿಗೆ ಏರಿದ್ ಮ್ಯಾಲೆ ಬಿಡಾಕ್ ಬರಂಗಿಲ್ರೀ ಸರ್. ಚೀಲ ಒಡೀತೈತಿ.”

“ಯಾವ ಚೀಲ?”

ಶಿವಕುಮಾರ ಹೇಳಿದ. ಮಂಗಳವಾರ, ಗುರುವಾರ ಇಬ್ಬರೂ ಲಾರಿಗೆ ಮೆಕ್ಕೆಜೋಳ ತುಂಬುತ್ತಾರೆ. ಚೀಲಕ್ಕೆ ಅರವತ್ತು ಕಿಲೋ. ದಿನಕ್ಕೆ ಒಬ್ಬೊಬ್ಬರಿಗೆ ನೂರರ ಹತ್ತಿರ ಚೀಲ.

“ಪೂರಾ ರೆಸ್ಟ್ ಅಂದಿದ್ದೆಯಲ್ಲ?”

“ಜಿಮ್ಮಿಗೆ ಬಂದಿಲ್ವಲ್ರೀ,” ಎಂದ ಹಾಲೇಶ. ಅವನ ಮುಖದಲ್ಲೂ ನನ್ನಷ್ಟೇ ಗೊಂದಲವಿತ್ತು.

ಮೂಳೆಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಆದರೂ ಮೂರು ದಿನ ಅವನ ಬೆರಳುಗಳು ಜುಮುಗುಟ್ಟಿದವು. ಆ ಮೂರು ದಿನ ಬಸ್ಸಿನಲ್ಲಿ ಕುಳಿತಾಗ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಒಂದೇ: ನಾನು ಸರಿಯುವುದು, ಅವನು ನಡೆಯುವುದು.

ಸ್ಪರ್ಧೆ ತಪ್ಪಿತು. ಚೇತರಿಸಿಕೊಂಡ ಮೇಲೆ ಪ್ರೋಗ್ರಾಂ ಹೊಸದಾಗಿ ಬರೆದೆ. ಲಾರಿಯ ದಿನಗಳೇ ಭಾರದ ದಿನ. ಜಿಮ್ ವಾರಕ್ಕೆರಡೇ ಸಲ, ಅದೂ ಹಗುರ. ಸುಗ್ಗಿ ಮುಗಿದ ಮೇಲಷ್ಟೇ ವಾರದ ಏರಿಕೆ. ಬೇಸಿಗೆಯಲ್ಲಿ ಅವನು ನೂರು ಕಿಲೋ ದಾಟಿದ.

ಈಗ ಯಾರೇ ‘ಕೃಷಿ’ ಎಂದು ಬರೆದರೂ, ನಿನ್ನೆ ಏನು ಹೊತ್ತಿರಿ ಎಂದು ಕೇಳುತ್ತೇನೆ. ಎತ್ತುವುದಕ್ಕೂ ಮೊದಲು ಬಿಡುವುದನ್ನು ಕಲಿಸುತ್ತೇನೆ, ಖಾಲಿ ಬಾರ್‌ನಲ್ಲಿ, ಹತ್ತು ಸಲ. ಹಾಲೇಶನೂ ಮಾಡುತ್ತಾನೆ. ಆದರೆ ಬಿಡುವ ಮುನ್ನ ಅವನ ಬೆನ್ನು ಈಗಲೂ ಒಂದಿಷ್ಟು ಬಾಗುತ್ತದೆ. ಆಗ ನಾನು ಪಕ್ಕಕ್ಕೆ ಸರಿಯುವುದಿಲ್ಲ.