ಮೂವತ್ತೈದು ನಿಮಿಷದ ಏರು

ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಏನೋ ಒಂದಿತ್ತು. ಅದೀಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ, ಊರಿಗೆಲ್ಲ ಅವನು ಟೈಮಪ್ಪ. ಮೂವತ್ತೊಂದು ವರ್ಷದಿಂದ ಅದೇ ಕಿಟಕಿ ಪಕ್ಕದ ಮೇಜು, ಅದೇ ಅಂಚು ಸವೆದ ಅಡಿಕೋಲು, ಅದೇ ಹಟ. ಹೊಸ ಮಾರ್ಗ ಶುರುವಾದರೆ ತಾನೇ ಬಸ್ಸು ಹತ್ತಿ ಕೂತು, ಒಂದೊಂದು ನಿಲ್ದಾಣಕ್ಕೂ ನಿಮಿಷ ಗುರುತು ಹಾಕಿಕೊಂಡು ಬರಬೇಕು. ಅಂದಾಜಿನಲ್ಲಿ ಹೊತ್ತು ಬರೆಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

ಇಂಥವನು ಬೆಟ್ಟ ಹತ್ತುತ್ತೇನೆ ಎಂದು ಹೊರಟರೆ ಕೇಳಬೇಕೆ! ಆರುನೂರು ವರ್ಷಗಳಿಂದ ಯಾತ್ರಿಕರು ಹತ್ತಿ ಹತ್ತಿ ನಡುವೆ ತಗ್ಗಾದ ಕಲ್ಲುಮೆಟ್ಟಿಲಿನ ದಾರಿ ಅದು. ತುದಿಯಲ್ಲೊಂದು ಕಟ್ಟೆ, ಕಟ್ಟೆಯ ಮೇಲೊಂದು ಗಂಟೆ. ಅದನ್ನೊಮ್ಮೆ ಬಾರಿಸಿ ಬರೋಣ ಎಂದು ಅವನ ಹೆಂಡತಿ ಹನ್ನೊಂದು ವರ್ಷ ಕೇಳಿದ್ದಳು. ಹನ್ನೊಂದು ವರ್ಷವೂ ಇವನು ಮುಂದಿನ ವರ್ಷ ನೋಡೋಣ, ಈಗ ಪಟ್ಟಿ ಬದಲಾಗುವ ಕಾಲ ಎಂದಿದ್ದ. ಅವಳು ತೀರಿಕೊಂಡು ಈಗ ಮೂರು ವರ್ಷ. ಈ ಸಲವಾದರೂ ಅವಳ ಪಾಲಿನ ಗಂಟೆ ಬಾರಿಸಿಯೇ ಸಿದ್ಧ ಎಂದು ಪಟ್ಟು ಹಿಡಿದು ಕೂತ. ಮಳೆ ಶುರುವಾದರೆ ದಾರಿ ಮುಚ್ಚುತ್ತಾರೆ. ಉಳಿದದ್ದು ಒಂದೇ ರಜೆ, ಬರುವ ಗುರುವಾರ.

ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಗೆರೆ ಎಳೆದ. ಮೊದಲ ಬಸ್ಸು ಬೆಟ್ಟದ ಬುಡ ತಲುಪುವುದು ಒಂಬತ್ತಕ್ಕೆ. ಕೊನೆಯ ಬಸ್ಸು ಅಲ್ಲಿಂದ ಹೊರಡುವುದು ನಾಲ್ಕೂವರೆಗೆ. ನಡುವಿನ ನಡಿಗೆಗೆ ಅಳೆದ ಹೊತ್ತು ಬೇಕಲ್ಲ? ಹಳೆಯ ಕಿಸೆಪುಸ್ತಕ ತೆಗೆದ. ಊರಾಚೆಯ ನೀರಿನ ಟ್ಯಾಂಕಿನವರೆಗಿನ ಏರು, ಮೂವತ್ತೈದು ನಿಮಿಷ. ಸಂಜೆ ಸಂಜೆ ನಡೆದು ಅಳೆದದ್ದು. ಯಾತ್ರೆಯ ದಾರಿ ಅಂಥ ಎಂಟು ಏರಿನಷ್ಟು ಉದ್ದ. ಹಾಗೆ ಲೆಕ್ಕ ಹಾಕಿದರೆ ತುದಿ ಸೇರುವುದು ಒಂದು ನಲವತ್ತಕ್ಕೆ, ಇಳಿಯಲು ಮೂರೂವರೆ ಗಂಟೆ, ಬುಡಕ್ಕೆ ಬರುವಾಗ ಐದು ಹತ್ತು. ಬಸ್ಸು ಹೋಗಿ ನಲವತ್ತು ನಿಮಿಷವಾಗಿರುತ್ತದೆ. ಅದೂ ಬುತ್ತಿ ತಿನ್ನುವ, ನೀರು ಕುಡಿಯುವ ಹೊತ್ತನ್ನು ಲೆಕ್ಕಕ್ಕೇ ಹಿಡಿಯದೆ. ಜಪ್ಪಯ್ಯ ಅಂದರೂ ಆ ನಲವತ್ತು ನಿಮಿಷ ಜಗ್ಗಲಿಲ್ಲ. ಸಾವಿರ ಬಸ್ಸುಗಳಿಗೆ ದಾರಿ ಮಾಡಿಕೊಟ್ಟವನಿಗೆ ತನ್ನೆರಡು ಕಾಲುಗಳೇ ಕೈಕೊಟ್ಟವು.

ಸೋಮವಾರ ಹಾಳೆಯನ್ನು ಹಳೆಯ ಸ್ನೇಹಿತನಾದ ಡ್ರೈವರನ ಮುಂದೆ ಹಿಡಿದ. ಅವನು ಚಹಾ ಹೀರುತ್ತ ಓದಿದ, ಮೂವತ್ತೈದು ಎಂದಿದ್ದ ಕಡೆ ಬೆರಳಿಟ್ಟ.

"ಅಲ್ಲಯ್ಯ, ಮಂಡಿನೋವು ಇದ್ದದ್ದು ಅತ್ತಿಗೆಗೆ. ನಿನಗೇನಾಗಿದೆ?"

ಟೈಮಪ್ಪ ಹಾಳೆಯನ್ನು ತನ್ನತ್ತ ಎಳೆದುಕೊಂಡ. ಹೌದಲ್ಲ! ಆ ಏರಿನಲ್ಲಿ ಜೊತೆಗೆ ಬರುತ್ತಿದ್ದ ಹೆಂಡತಿ ಪ್ರತಿ ವಿದ್ಯುತ್ ಕಂಬಕ್ಕೂ ನಿಲ್ಲುತ್ತಿದ್ದಳು. ಇವನು ಹತ್ತು ಹೆಜ್ಜೆ ಮುಂದೆ ನಿಂತು, ಗಡಿಯಾರ ನೋಡಿಕೊಂಡು, ಬಾ ಬೇಗ ಎಂದು ಗದರುತ್ತಿದ್ದ. ಅವಳು ಹೋದ ಮೇಲೆ ಆ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ಅವನ ಬಳಿ ಒಬ್ಬನೇ ನಡೆದ ಹೊತ್ತು ಎಂಬುದೇ ಇರಲಿಲ್ಲ.

ಅಳೆಯದೆ ಬರೆಯುವ ಜಾತಿಯಲ್ಲವಲ್ಲ ಇವನದು. ಮಂಗಳವಾರ ಸಂಜೆ ಕೆಲಸ ಮುಗಿಸಿ ನೇರ ಟ್ಯಾಂಕಿನ ಏರಿಗೆ ಹೋದ. ಮೊದಲ ಕಂಬದ ಹತ್ತಿರ ಕಾಲು ತಾನಾಗಿ ನಿಂತಿತು. ಹಿಂದೆ ತಿರುಗಿ ನೋಡಿದ, ರಸ್ತೆ ಬರಿದಾಗಿತ್ತು. ತನ್ನನ್ನು ತಾನೇ ಬೈದುಕೊಂಡು ಮುಂದೆ ನಡೆದ. ಟ್ಯಾಂಕಿನ ಬೇಲಿ ಮುಟ್ಟಿ ಗಡಿಯಾರ ನೋಡಿದರೆ ಇಪ್ಪತ್ತೆರಡು ನಿಮಿಷ. ಅಂದರೆ ಮೂವತ್ತೈದರಲ್ಲಿ ಅವಳ ಪಾಲು ಹದಿಮೂರು ನಿಮಿಷ. ಮೂರು ವರ್ಷ ತಡೆದಿಟ್ಟ ಅಳು ಆ ಬೇಲಿ ಹಿಡಿದುಕೊಂಡಾಗ ಬಂತು. ಆ ಹದಿಮೂರು ನಿಮಿಷಕ್ಕಾಗಿ ಎಷ್ಟು ಗದರಿದ್ದೆನಲ್ಲ!

ಬುಧವಾರ ಹೊಸ ಪಟ್ಟಿ ತಯಾರಾಯಿತು. ತುದಿ ಸೇರುವುದು ಹನ್ನೊಂದು ಐವತ್ತಾರು. ಇಳಿಯುವ ಲೆಕ್ಕವನ್ನು ಮುಟ್ಟದೆ ಬಿಟ್ಟರೂ ಮಧ್ಯಾಹ್ನ ಒಂದರವರೆಗೆ ಮೇಲೆ ಇರಬಹುದು. ಡ್ರೈವರು ಹಾಳೆ ನೋಡಿ ಬೆನ್ನು ತಟ್ಟಿದ, ಗೆದ್ದೆ ಬಿಡು ಎಂದ. ಗಂಟೆ ಬಾರಿಸಲು ಒಂದು ನಿಮಿಷ ಸಾಕು, ಮಿಕ್ಕಷ್ಟು ಹೊತ್ತು ಅಲ್ಲಿ ಏನು ಮಾಡುತ್ತೀಯ ಎಂದು ಕೇಳಿದ.

ಟೈಮಪ್ಪ ಹಾಳೆಯನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡ.

"ಕಾಯ್ತೀನಿ. ಆದರೆ ಅವಳ ನಡಿಗೆಗೆ ತುದಿ ಸೇರೋದು ಒಂದು ನಲವತ್ತಕ್ಕೆ," ಎಂದ. "ನಾನು ಒಂದಕ್ಕೇ ಹೊರಡಬೇಕು. ಆಗಲೂ ಅದೇ ನಲವತ್ತು ನಿಮಿಷ ಕಮ್ಮಿ ಬೀಳುತ್ತೆ."