ಅಕ್ಕನ ದ್ರಾಕ್ಷಿ, ನನ್ನ ದಮ್ಮು

ನನಗೆ ದಮ್ಮು ಹತ್ತಿದೆ ಎಂಬ ಸುದ್ದಿ ಹರಡಿದ ಮೇಲೆ ನಮ್ಮ ಅಥಣಿ ರಸ್ತೆಯ ಬಡಾವಣೆಯಲ್ಲಿ ವೈದ್ಯರಲ್ಲದವರು ಯಾರೂ ಉಳಿಯಲಿಲ್ಲ. ಒಬ್ಬರು ಮೊಸರು ಬಿಡಿಸಿದರು, ಇನ್ನೊಬ್ಬರು ಬಾಳೆಹಣ್ಣು ಬಿಡಿಸಿದರು, ಮೂರನೆಯವರು ಫ್ಯಾನು ಬಿಡಿಸಿದರು. ವಿಜಯಪುರದ ಬೇಸಿಗೆಯಲ್ಲಿ ಫ್ಯಾನು ಬಿಟ್ಟವನಿಗೆ ಬಿಡಲು ಇನ್ನುಳಿದದ್ದು ಪ್ರಾಣವೊಂದೇ. ಒಳಗೆ ಹೋದ ಗಾಳಿ ಹೊರಗೆ ಬರಲು ಒಪ್ಪದೆ ಎದೆಯಲ್ಲೇ ಧರಣಿ ಕೂರುತ್ತಿತ್ತು. ಎಕ್ಸ್‌ರೇ ನೋಡಿದವರು ಎಲ್ಲ ಸರಿಯಿದೆ ಎಂದರು. ಕಡೆಗೆ ಸುತ್ತಮುತ್ತ ಏಳುತ್ತಿದ್ದ ಹೊಸ ಮನೆಗಳ ಧೂಳೇ ಕಾರಣವೆಂದು ಸರ್ವಾನುಮತದ ತೀರ್ಮಾನವಾಯಿತು.

ಟಿಕೋಟಾಕ್ಕೆ ಕೊಟ್ಟ ಅಕ್ಕ ನೋಡಲು ಬಂದಳು. ಅವ್ವ ಹೋದಮೇಲೆ ನನ್ನನ್ನು ಬೆಳೆಸಿದವಳು ಅವಳೇ. ನಾನು ಅರವತ್ತು ದಾಟಿದ ಸುದ್ದಿ ಅವಳಿಗಿನ್ನೂ ತಲುಪಿರಲಿಲ್ಲ.

"ಇಲ್ಲಿ ಕುಂತು ಬರೇ ಸಿಮೆಂಟ ಕುಡಿಯಾಕತ್ತಿ. ನಡಿ ನಮ್ಮೂರಿಗೆ. ಗಾಳಿ ಪುಕ್ಕಟ ಐತಿ."

ಹೋದೆ. ಅವಳ ಮನೆಯ ಹಿಂದೆಯೇ ದ್ರಾಕ್ಷಿ ಒಣಗಿಸುವ ಶೆಡ್ಡು. ಬಲೆಗಳ ಮೇಲೆ ಹರವಿದ ಹಣ್ಣಿಗೆ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುತ್ತಿದ್ದರು. ಆ ವಾಸನೆಗೆ ಗಂಟಲು ಕೆರೆಯುತ್ತಿತ್ತು. ಹಳ್ಳಿಯ ಶುದ್ಧ ಗಾಳಿ ರೂಢಿಯಾಗಬೇಕಷ್ಟೆ ಎಂದುಕೊಂಡೆ. ದಿನಾ ಬೆಳಿಗ್ಗೆ ಅಕ್ಕ ನೆನೆಸಿದ ಒಣದ್ರಾಕ್ಷಿ ತಂದು, ಬಟ್ಟಲು ಬರಿದಾಗುವವರೆಗೆ ಎದುರಿಗೇ ನಿಲ್ಲುತ್ತಿದ್ದಳು. ಎದೆಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ವಿಜಯಪುರದ ಮನೆಗೂ ಅವಳೇ ವರ್ಷವರ್ಷ ಡಬ್ಬಿ ತುಂಬಿ ಕಳಿಸುತ್ತಿದ್ದಳು. ನನ್ನ ದಮ್ಮು ಹೆಚ್ಚಿತು. ಅವಳು ದ್ರಾಕ್ಷಿ ಹೆಚ್ಚಿಸಿದಳು. ಈ ಪಂದ್ಯದಲ್ಲಿ ಇಬ್ಬರೂ ಹಿಂದೆ ಸರಿಯಲಿಲ್ಲ.

ಒಂದು ಮುಂಜಾನೆ ನನ್ನ ತುಟಿ ನೀಲಿಗಟ್ಟಿದ್ದನ್ನು ಕಂಡು, ಅವಳೇ ಜೀಪು ಮಾಡಿಸಿ ಗೋಳಗುಮ್ಮಟದ ಹತ್ತಿರದ ಒಂದು ದವಾಖಾನೆಗೆ ತಂದಳು. ಉಸಿರು ಹದಕ್ಕೆ ಬಂದಮೇಲೆ ಡಾಕ್ಟರಮ್ಮ, ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಕೇಳಿದರು. ಉತ್ತರ ಕೊಟ್ಟವಳು ಅಕ್ಕ.

"ನಮ್ಮ ಮನಿ ದ್ರಾಕ್ಷಿರಿ. ಬಂಗಾರದಂಗ ಇರ್ತಾವ."

"ಗಂಧಕ ಹಾಕ್ತೀರೇನ್ರಿ?"

"ಹಾಕಲಾರದ ಆ ಬಣ್ಣ ಎಲ್ಲಿಂದ ಬರಬೇಕ್ರಿ?" ಅಕ್ಕನ ದನಿಯಲ್ಲಿ ಹೆಮ್ಮೆಯಿತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ದಮ್ಮಿದ್ದವರೊಳಗ ಕೆಲವರಿಗೆ ಅದು ಆಗಿಬರಂಗಿಲ್ಲರಿ. ಆ ಹೊಗಿ, ಆ ದ್ರಾಕ್ಷಿ, ಎರಡೂ ಬಿಟ್ಟು ನೋಡೂಣು."

ಹೊರಗೆ ಮೆಟ್ಟಿಲ ಮೇಲೆ ಅಕ್ಕ ಕುಳಿತುಬಿಟ್ಟಳು. "ಹಂಗಾರ ಇಷ್ಟ ವರ್ಷ ನಾನ ತಿನಿಸೇನಿ."

"ಮೊಸರು, ಫ್ಯಾನು ಎಲ್ಲಾ ವಾಪಸ್ ಬಂದ್ವಲ್ಲ ಯಕ್ಕಾ, ಲಾಭನ ಆತು" ಎಂದೆ. ನನ್ನ ಹಾಸ್ಯಕ್ಕೆ ಚಿಕ್ಕಂದಿನಿಂದ ನಗುತ್ತಿದ್ದವಳು ಒಬ್ಬಳೇ. ಅವಳೂ ನಗಲಿಲ್ಲ.

ಎರಡೂ ಬಿಟ್ಟೆ. ದಮ್ಮು ಹೋಗಲಿಲ್ಲ. ಆದರೆ ಔಷಧಿಯ ಪಂಪು ಕಿಸೆಯಲ್ಲಿದ್ದರೆ ಸಭ್ಯಸ್ಥನಂತೆ ಸುಮ್ಮನಿರುತ್ತದೆ. ಡಬ್ಬಿ ಬರುವುದು ನಿಂತಿತು. ಟಿಕೋಟಾಕ್ಕೆ ಬಾ ಎನ್ನುವ ಕರೆಯೂ ನಿಂತಿತು. ಶೆಡ್ಡೇ ಅವರ ಅನ್ನ, ಅದನ್ನು ಮುಚ್ಚಲಾಗದು. ಅಕ್ಕನ ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಈಗ ನಾವು ಅಕ್ಕತಮ್ಮ ಭೇಟಿಯಾಗುವುದು ಆ ಮನೆಯ ಕಟ್ಟೆಯ ಮೇಲೆ, ಪರವೂರ ಬೀಗರ ಹಾಗೆ. ಶೆಡ್ಡಿನ ವಾಸನೆ ಹೋಗಲೆಂದು ಅಕ್ಕ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಬರುತ್ತಾಳೆ.

ಮೊನ್ನೆ ಪಕ್ಕದಲ್ಲೇ ಕುಳಿತಿದ್ದಳು. ಚಹಾ ನೆತ್ತಿಗೇರಿ ನಾನು ಕೆಮ್ಮಿದೆ. ಅವಳು ಸೆರಗನ್ನು ಮೂಸಿ ನೋಡಿಕೊಂಡು, ಎದ್ದು, ಕಟ್ಟೆಯ ಆ ತುದಿಗೆ ಹೋಗಿ ಕುಳಿತಳು.

"ಚಾ ನೆತ್ತಿಗೇರೇತಿ ಯಕ್ಕಾ. ಈಕಡೆ ಬಾ."

"ಇರ್ಲಿ ಬಿಡು, ತಮ್ಮಾ. ಇಲ್ಲಿಂದನೂ ನೀ ಕಾಣಸ್ತಿ."